ಶಾಲೆಯಿಂದ ಹೊರಗೆ ಹಾಕಿದ ಮೇಲೆ ಓದು ಎಲ್ಲಿ? ಅಮೆರಿಕದ ಬದಲಿ ಶಾಲೆಗಳ ಬಗ್ಗೆ

ಅಮೆರಿಕದ ಶಿಕ್ಷಣ ಇಲಾಖೆ ಆ ದೇಶದ ಸರ್ಕಾರಿ ಶಾಲೆಗಳಿಂದ ಆಗಾಗ ಲೆಕ್ಕ ಕೇಳುತ್ತದೆ. ಎಷ್ಟು ಮಕ್ಕಳನ್ನು ಸಸ್ಪೆಂಡ್ ಮಾಡಿದಿರಿ, ಎಷ್ಟು ಮಕ್ಕಳನ್ನು ತೆಗೆದುಹಾಕಿದಿರಿ ಅಂತ. ತೆಗೆದುಹಾಕಿದವರ ಲೆಕ್ಕದಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿರುತ್ತಾರೆ. ಓದು ಮುಂದುವರಿಸಲು ವ್ಯವಸ್ಥೆ ಮಾಡಿ ತೆಗೆದುಹಾಕಿದ ಮಕ್ಕಳು ಎಷ್ಟು? ಯಾವ ವ್ಯವಸ್ಥೆಯೂ ಇಲ್ಲದೆ ತೆಗೆದುಹಾಕಿದ ಮಕ್ಕಳು ಎಷ್ಟು?

ಎರಡನೆಯ ಪ್ರಶ್ನೆಗೆ ಉತ್ತರ ಸೊನ್ನೆ ಇರಬೇಕಿತ್ತು. ಆದರೆ ಪ್ರತಿ ಸಲವೂ ಅಲ್ಲಿ ಒಂದು ಸಂಖ್ಯೆ ಇದ್ದೇ ಇರುತ್ತದೆ. ಅಂದರೆ ಹದಿನೈದು ಹದಿನಾರರ ವಯಸ್ಸಿನ ಮಕ್ಕಳಿಗೆ 'ನಾಳೆಯಿಂದ ಬರಬೇಡ' ಅಂತ ಹೇಳಿ, ಆ ನಾಳೆ ಅವರು ಏನು ಮಾಡಬೇಕು ಅನ್ನುವುದನ್ನು ಯಾರೂ ಹೇಳಿಲ್ಲ.

ಈ ವಿಷಯ ಅರ್ಥ ಆಗಬೇಕಾದರೆ ಮೊದಲು ಒಂದು ಗಂಟು ಬಿಚ್ಚಬೇಕು. ಮಗುವನ್ನು ಆ ಶಾಲೆಯ ಕಟ್ಟಡದಿಂದ ದೂರ ಇಡುವುದು ಒಂದು ತೀರ್ಮಾನ. ಮಗುವನ್ನು ಓದಿನಿಂದ ದೂರ ಇಡುವುದು ಇನ್ನೊಂದು ತೀರ್ಮಾನ. ಎರಡೂ ಒಂದೇ ಅಂತ ನಾವು ಸುಮ್ನೆ ಅಂದುಕೊಂಡುಬಿಟ್ಟಿದ್ದೇವೆ. ಒಬ್ಬ ಹುಡುಗ ಇನ್ನೊಬ್ಬನಿಗೆ ಪೆಟ್ಟು ಮಾಡಿದ್ದರೆ, ಪೆಟ್ಟು ತಿಂದವನ ಕಣ್ಣೆದುರು ಅವನು ಇರಬಾರದು. ಅದು ಸರಿ. ಆದರೆ ಅವನು ಬೀಜಗಣಿತ ಕಲಿಯಬಾರದು ಅನ್ನುವುದಕ್ಕೆ ಇದರಿಂದ ಯಾವ ಕಾರಣವೂ ಸಿಗುವುದಿಲ್ಲ. ಶಿಸ್ತಿನ ಬದಲಿ ಶಾಲೆ, ಅಂದರೆ ಹೊರಗೆ ಹಾಕಿದ ಮಕ್ಕಳಿಗೆ ಬೇರೆ ಜಾಗದಲ್ಲಿ ಪಾಠ ಮಾಡುವ ಶಾಲೆ, ಇರುವುದೇ ಈ ಎರಡನ್ನು ಬೇರೆ ಮಾಡುವುದಕ್ಕೆ.

ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡದ ಮನೆಗಳೂ ಇವೆ. ಅವರಿಗೂ ಇದು ಉಪಯೋಗಕ್ಕೆ ಬರಲಿ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಪದಗಳು

ಸಸ್ಪೆನ್ಷನ್ ಅಂದರೆ ಕೆಲವು ದಿನಗಳ ಮಟ್ಟಿಗೆ ಶಾಲೆಯಿಂದ ದೂರ ಇಡುವುದು. ಹತ್ತು ದಿನದವರೆಗಿನದ್ದನ್ನು ಚಿಕ್ಕದು ಅಂತ ಲೆಕ್ಕ ಹಾಕುತ್ತಾರೆ. ಸಾಮಾನ್ಯವಾಗಿ ಪ್ರಿನ್ಸಿಪಾಲರೇ ಇದನ್ನು ತೀರ್ಮಾನಿಸುತ್ತಾರೆ. ಅದಕ್ಕಿಂತ ಉದ್ದದ್ದಾದರೆ ನಿಯಮಗಳು ಬಿಗಿಯಾಗುತ್ತವೆ. ಎಕ್ಸ್‌ಪಲ್ಷನ್ ಅಂದರೆ ತೆಗೆದುಹಾಕುವುದು. ಇದಕ್ಕೆ ವಿಚಾರಣೆ ನಡೆಯಬೇಕು. ಬಹಳ ಕಡೆ ಊರಿನ ಸರ್ಕಾರಿ ಶಾಲೆಗಳ ಆಡಳಿತ ನೋಡಿಕೊಳ್ಳುವ ಸ್ಕೂಲ್ ಬೋರ್ಡ್ ಅಥವಾ ಅದು ನೇಮಿಸಿದವರು ತೀರ್ಮಾನ ಮಾಡುತ್ತಾರೆ. ಹೆಸರು ಕೇಳಿದರೆ ಶಾಶ್ವತ ಅನ್ನಿಸುತ್ತದೆ. ಆದರೆ ಹೆಚ್ಚಿನ ಕಡೆ ಅದಕ್ಕೊಂದು ಅವಧಿ ಇರುತ್ತದೆ. ಒಂದು ಸೆಮಿಸ್ಟರ್, ಎರಡು ಸೆಮಿಸ್ಟರ್, ಒಂದು ವರ್ಷ, ಹೀಗೆ.

ಇಷ್ಟು ವಿಚಾರಣೆಯಾದರೂ ಇದೆಯಲ್ಲ, ಅದು ಬಂದಿದ್ದಕ್ಕೆ ಒಂದು ಘಟನೆ ಇದೆ. 1971ರಲ್ಲಿ ಒಹಾಯೊ ರಾಜ್ಯದ ಕೊಲಂಬಸ್ ನಗರದ ಶಾಲೆಗಳಲ್ಲಿ ಗಲಾಟೆ ನಡೆದಿತ್ತು. ಸೆಂಟ್ರಲ್ ಹೈಸ್ಕೂಲಿನ ಡ್ವೈಟ್ ಲೋಪೆಜ್ ಅನ್ನುವ ವಿದ್ಯಾರ್ಥಿಯನ್ನು ಊಟದ ಕೋಣೆಯಲ್ಲಿ ನಡೆದ ಗದ್ದಲದ ಹೆಸರಲ್ಲಿ ಸಸ್ಪೆಂಡ್ ಮಾಡಿದರು. ಅದೇ ದಿನ ಆ ಶಾಲೆಯಲ್ಲಿ ಇನ್ನೂ ಕನಿಷ್ಠ 75 ಮಕ್ಕಳನ್ನು ಕಳಿಸಿದ್ದರು. ನಾನು ಅಲ್ಲಿ ಸುಮ್ಮನೆ ನಿಂತಿದ್ದೆ ಅಷ್ಟೇ ಅನ್ನುವುದು ಲೋಪೆಜ್ ಮಾತು. ಅದನ್ನು ಯಾರೂ ಕೇಳಿಯೇ ಇರಲಿಲ್ಲ. ಹತ್ತು ದಿನದವರೆಗೆ ವಿಚಾರಣೆ ಇಲ್ಲದೆ ಕಳಿಸಬಹುದು ಅಂತ ಆಗಿನ ರಾಜ್ಯದ ಕಾನೂನು ಹೇಳುತ್ತಿತ್ತು. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1975ರಲ್ಲಿ 5–4ರ ತೀರ್ಪು ಬಂತು. ಹತ್ತೇ ದಿನವಾದರೂ ಸರಿ, ಆರೋಪ ಏನು ಅಂತ ಮಗುವಿಗೆ ಹೇಳಬೇಕು. ಮಗು ಒಪ್ಪದಿದ್ದರೆ ಸಾಕ್ಷಿ ಏನಿದೆ ಅಂತ ವಿವರಿಸಬೇಕು. ಅದರ ಕಡೆಯ ಮಾತು ಕೇಳಬೇಕು. ಅದಕ್ಕಿಂತ ದೊಡ್ಡ ಶಿಕ್ಷೆಗೆ ಇನ್ನೂ ಗಟ್ಟಿಯಾದ ವಿಚಾರಣೆ ಬೇಕಾಗಬಹುದು ಅಂತಲೂ ಕೋರ್ಟ್ ಹೇಳಿತು. 'ಗಾಸ್ ವರ್ಸಸ್ ಲೋಪೆಜ್' ಅಂತ ಇದರ ಹೆಸರು.

ಆದರೆ ಗಮನಿಸಿ. ಈ ತೀರ್ಪು ಕೊಟ್ಟಿದ್ದು ಮಾತಾಡುವ ಹಕ್ಕು. ಕಳಿಸಿದ ಮೇಲೆ ಎಲ್ಲಿ ಓದಿಸಬೇಕು ಅಂತ ಅದು ಹೇಳಲಿಲ್ಲ. ಅದಕ್ಕೂ ಎರಡು ವರ್ಷ ಮೊದಲು, 1973ರಲ್ಲಿ, ಇದೇ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ ಶಿಕ್ಷಣ ಅನ್ನುವುದು ದೇಶದ ಸಂವಿಧಾನದಡಿ ಮೂಲಭೂತ ಹಕ್ಕಲ್ಲ ಅಂತ ಹೇಳಿಬಿಟ್ಟಿತ್ತು. ಹಾಗಾಗಿ ಎಲ್ಲವೂ ರಾಜ್ಯಗಳ ಕೈಗೆ ಹೋಯಿತು. ಒಂದೇ ತಪ್ಪು ಮಾಡಿದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಮಾರನೇ ವಾರ ಟೀಚರ್ ಸಿಗುತ್ತಾರೆ, ಇನ್ನೊಬ್ಬನಿಗೆ ವರ್ಷವಿಡೀ ಯಾರೂ ಸಿಗುವುದಿಲ್ಲ. ವ್ಯತ್ಯಾಸ ಅವರ ಮನೆ ಯಾವ ರಾಜ್ಯದಲ್ಲಿದೆ ಅನ್ನುವುದರಲ್ಲಿ ಅಷ್ಟೇ.

ರಾಜ್ಯಕ್ಕೊಂದು ದಾರಿ

ಕ್ಯಾಲಿಫೋರ್ನಿಯಾದಲ್ಲಿ ಬೋರ್ಡ್ ಮಗುವನ್ನು ತೆಗೆದುಹಾಕಿದ ಕೂಡಲೇ ಆ ಅವಧಿಗೆ ಓದಿನ ವ್ಯವಸ್ಥೆ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ವಾಪಸ್ ಸೇರಲು ಅರ್ಜಿ ಹಾಕಬಹುದಾದ ದಿನವನ್ನೂ ಆದೇಶದಲ್ಲಿ ಬರೆಯಬೇಕು. ಅಷ್ಟರೊಳಗೆ ಮಗು ಏನೇನು ಮಾಡಿರಬೇಕು ಅನ್ನುವ ಯೋಜನೆಯೂ ಜೊತೆಗಿರಬೇಕು. ಕೌನ್ಸೆಲಿಂಗ್, ಹಾಜರಿ, ಸಮುದಾಯ ಸೇವೆ, ಹೀಗೆ. ಈ ಮಕ್ಕಳು ಹೋಗುವುದು ಕಮ್ಯುನಿಟಿ ಡೇ ಸ್ಕೂಲ್‌ಗೆ, ಇಲ್ಲವೇ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ನಡೆಸುವ ಕಮ್ಯುನಿಟಿ ಸ್ಕೂಲ್‌ಗೆ. ಇನ್ನೊಂದು ಒಳ್ಳೆಯ ಅವಕಾಶವೂ ಅಲ್ಲಿದೆ. ತೆಗೆದುಹಾಕುವ ಆದೇಶ ಮಾಡಿ, ಅದನ್ನು ಜಾರಿ ಮಾಡದೆ ತಡೆಹಿಡಿಯಬಹುದು. ಮಗು ಷರತ್ತುಗಳ ಮೇಲೆ ಓದುತ್ತಾ ಇರುತ್ತದೆ. ಮತ್ತೆ ತಪ್ಪು ಮಾಡಿದರೆ ಮಾತ್ರ ಆದೇಶ ಜಾರಿಗೆ ಬರುತ್ತದೆ.

ಟೆಕ್ಸಸ್ ಬೇರೆ ಥರ. 1995ರಲ್ಲಿ ಅಲ್ಲಿನ ಶಿಕ್ಷಣ ಕಾನೂನಿಗೆ ಶಿಸ್ತಿನ ಒಂದು ಇಡೀ ಅಧ್ಯಾಯ ಸೇರಿತು. ಅದರ ಪ್ರಕಾರ, ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಪ್ರತಿ ಸ್ಕೂಲ್ ಡಿಸ್ಟ್ರಿಕ್ಟ್‌ಗೂ ಒಂದು ಶಿಸ್ತಿನ ಬದಲಿ ಶಾಲೆ ಇರಲೇಬೇಕು. ಜನ ಅದನ್ನು ಡಿಎಇಪಿ ಅನ್ನುತ್ತಾರೆ. ಇಂಗ್ಲಿಷ್, ಗಣಿತ, ವಿಜ್ಞಾನ, ಇತಿಹಾಸ, ಅದರ ಜೊತೆ ಸ್ವಯಂ ಶಿಸ್ತು, ಇಷ್ಟನ್ನು ಕಲಿಸಬೇಕು ಅಂತ ಕಾನೂನಲ್ಲೇ ಬರೆದಿದೆ. 120 ದಿನ ಮೀರದ ಹಾಗೆ ಮಗುವಿನ ಸ್ಥಿತಿಯನ್ನು ಮತ್ತೆ ನೋಡಬೇಕು. ಇದಕ್ಕಿಂತ ದೊಡ್ಡ ತಪ್ಪಿಗೆ ತೆಗೆದುಹಾಕಿದವರಿಗೆ ಬಾಲ ನ್ಯಾಯ ವ್ಯವಸ್ಥೆ ನಡೆಸುವ ಜೆಜೆಎಇಪಿ ಅನ್ನುವ ಶಾಲೆ ಇದೆ. ಆದರೆ ಅದನ್ನು ಕಡ್ಡಾಯವಾಗಿ ನಡೆಸಬೇಕಾದದ್ದು ಜನಸಂಖ್ಯೆ 1,25,000 ಮೀರಿದ ಕೌಂಟಿಗಳಲ್ಲಿ. ಅದಕ್ಕಿಂತ ಚಿಕ್ಕ ಕೌಂಟಿಯ ಮಗುವಿನ ಪಾಡು ಅಲ್ಲಿನ ಡಿಸ್ಟ್ರಿಕ್ಟ್‌ನ ಮನಸ್ಸಿಗೆ ಬಿಟ್ಟದ್ದು.

ಮ್ಯಾಸಚೂಸೆಟ್ಸ್‌ನ ಕಥೆ ನನಗೆ ಭರವಸೆ ಕೊಡುತ್ತದೆ. 1995ರಲ್ಲಿ ಆ ರಾಜ್ಯದ ಅತ್ಯುನ್ನತ ಕೋರ್ಟ್, ತೆಗೆದುಹಾಕಿದ ವಿದ್ಯಾರ್ಥಿಗೆ ಬದಲಿ ಶಿಕ್ಷಣ ಕೊಡಲೇಬೇಕು ಅಂತೇನಿಲ್ಲ ಅಂದಿತ್ತು. ಜನ ಸುಮ್ಮನಾಗಲಿಲ್ಲ. 2012ರಲ್ಲಿ ಹೊಸ ಕಾನೂನು ಬಂತು, 2014ರ ಜುಲೈನಿಂದ ಜಾರಿಯಾಯಿತು. ಈಗ ಸತತವಾಗಿ ಹತ್ತು ದಿನಕ್ಕಿಂತ ಜಾಸ್ತಿ ಹೊರಗಿರುವ ಮಗುವಿಗೆ ಶಾಲೆ ಓದಿನ ದಾರಿ ತೋರಿಸಲೇಬೇಕು. ಟ್ಯೂಷನ್ ಇರಬಹುದು, ಬದಲಿ ಶಾಲೆ ಇರಬಹುದು, ಶನಿವಾರದ ತರಗತಿ ಇರಬಹುದು, ಆನ್‌ಲೈನ್ ಇರಬಹುದು. ಹತ್ತು ದಿನಕ್ಕಿಂತ ಕಡಿಮೆ ಆದರೂ ತಪ್ಪಿಹೋದ ಪರೀಕ್ಷೆ, ಹೋಮ್‌ವರ್ಕ್ ಮಾಡಿಕೊಳ್ಳಲು ಬಿಡಬೇಕು.

ಉತ್ತರ ಕೆರೊಲಿನಾ ನಡುವೆ ಎಲ್ಲೋ ನಿಂತಿದೆ. 2008ರ ಜನವರಿಯಲ್ಲಿ ಒಂದು ಜಗಳದಲ್ಲಿ ಭಾಗಿಯಾದಳು ಅಂತ ಹತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಆ ವರ್ಷದ ಉಳಿದ ಅವಧಿಗೆ ಹೊರಗಿಟ್ಟರು. ಬದಲಿ ಶಾಲೆಗೂ ಕಳಿಸಲಿಲ್ಲ. 2010ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಬದಲಿ ಶಾಲೆ ಕೊಡುವುದಿಲ್ಲ ಅಂದರೆ ಯಾಕೆ ಅಂತ ಗಟ್ಟಿ ಕಾರಣ ಹೇಳಬೇಕು ಅಂತ ತೀರ್ಪು ಕೊಟ್ಟಿತು. ಕೊಡಲೇಬೇಕು ಅಂತಲ್ಲ, ಕಾರಣ ಹೇಳಬೇಕು ಅಂತ. ಸಣ್ಣ ವಿಷಯ ಅನ್ನಿಸಬಹುದು. ಆದರೆ ಕಾರಣ ಬರೆಯಬೇಕಾಗಿ ಬಂದಾಗ ತುಂಬಾ ಜನ ತಮ್ಮ ತೀರ್ಮಾನವನ್ನು ಮತ್ತೆ ಯೋಚಿಸುತ್ತಾರೆ, ಅಲ್ವಾ?

ಇಂಗ್ಲೆಂಡ್ ನೋಡಿ, ಅಲ್ಲಿ ಇದು ಸರಳ. ಶಾಶ್ವತವಾಗಿ ತೆಗೆದುಹಾಕಿದ ಮಗುವಿಗೆ ಆರನೇ ಶಾಲಾ ದಿನದಿಂದ ಪೂರ್ಣ ಸಮಯದ ಓದಿನ ವ್ಯವಸ್ಥೆಯನ್ನು ಸ್ಥಳೀಯ ಆಡಳಿತ ಮಾಡಬೇಕು. ಆ ವ್ಯವಸ್ಥೆಯ ಗುಣಮಟ್ಟದ ಬಗ್ಗೆ ಅಲ್ಲೂ ದೂರುಗಳಿವೆ. ಆದರೆ ಯಾರ ಜವಾಬ್ದಾರಿ ಅನ್ನುವುದರ ಬಗ್ಗೆ ಗೊಂದಲ ಇಲ್ಲ.

ಇಡೀ ದೇಶಕ್ಕೆ ಅನ್ವಯಿಸುವ ಒಂದು ರಕ್ಷಣೆ

ಅಮೆರಿಕದಲ್ಲಿ ಒಂದು ಗುಂಪಿನ ಮಕ್ಕಳಿಗೆ ಮಾತ್ರ ರಾಜ್ಯ ಯಾವುದೇ ಇರಲಿ, ಓದು ನಿಲ್ಲುವ ಹಾಗಿಲ್ಲ. ಅವರು ವಿಶೇಷ ಶಿಕ್ಷಣದ ಕಾನೂನಿನಡಿ ಬರುವ ಮಕ್ಕಳು. ಕಲಿಕೆಯ ತೊಂದರೆ, ಆಟಿಸಂ, ಗಮನ ನಿಲ್ಲದಿರುವ ತೊಂದರೆ ಇಂಥವು ಇದ್ದು ಶಾಲೆಯಲ್ಲಿ ಅವರಿಗಾಗಿ ಒಂದು ಐಇಪಿ, ಅಂದರೆ ಪ್ರತ್ಯೇಕ ಓದಿನ ಯೋಜನೆ, ಇರುವವರು.

ಅಂಥ ಮಗುವನ್ನು ಹತ್ತು ಶಾಲಾ ದಿನಕ್ಕಿಂತ ಜಾಸ್ತಿ ಹೊರಗಿಡಬೇಕು ಅಂದರೆ ತೀರ್ಮಾನವಾದ ಹತ್ತು ಶಾಲಾ ದಿನದೊಳಗೆ ಒಂದು ಸಭೆ ಸೇರಬೇಕು. ಸಭೆಯಲ್ಲಿ ಎರಡು ಪ್ರಶ್ನೆ. ಮಗು ಹಾಗೆ ನಡೆದುಕೊಂಡದ್ದಕ್ಕೂ ಅದರ ತೊಂದರೆಗೂ ನೇರ ಸಂಬಂಧ ಇದೆಯಾ? ಶಾಲೆ ಐಇಪಿಯನ್ನು ಸರಿಯಾಗಿ ನಡೆಸದೆ ಹೋದದ್ದರಿಂದ ಹೀಗಾಯಿತಾ? ಒಂದಕ್ಕಾದರೂ ಹೌದು ಅಂತ ಬಂದರೆ, ಬೇರೆ ಒಪ್ಪಂದ ಆಗದಿದ್ದರೆ, ಮಗು ತನ್ನ ತರಗತಿಗೆ ವಾಪಸ್. ಇಲ್ಲ ಅಂತ ಬಂದರೆ ಬೇರೆ ಮಕ್ಕಳಿಗಿರುವ ಶಿಕ್ಷೆಯೇ ಇವರಿಗೂ. ಆದರೆ ಆಗಲೂ ಓದು ನಿಲ್ಲಿಸುವ ಹಾಗಿಲ್ಲ, ಜಾಗ ಮಾತ್ರ ಬದಲಾಗುತ್ತದೆ. ಆಯುಧ, ಮಾದಕ ವಸ್ತು, ಇನ್ನೊಬ್ಬರಿಗೆ ಗಂಭೀರ ಗಾಯ, ಈ ಮೂರರಲ್ಲಿ ಮಾತ್ರ ಸಂಬಂಧ ಇರಲಿ ಬಿಡಲಿ 45 ಶಾಲಾ ದಿನಗಳವರೆಗೆ ಬೇರೆ ಜಾಗಕ್ಕೆ ಕಳಿಸಬಹುದು.

ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲದ ಒಂದು ಮಾತು ಇಲ್ಲಿದೆ. ಮಗುವಿಗೆ ಇನ್ನೂ ಐಇಪಿ ಆಗಿಲ್ಲದಿದ್ದರೂ ಈ ರಕ್ಷಣೆ ಸಿಗಬಹುದು. ಘಟನೆಗೆ ಮೊದಲೇ 'ನನ್ನ ಮಗುವಿಗೆ ಏನೋ ತೊಂದರೆ ಇದೆ, ವಿಶೇಷ ಸಹಾಯ ಬೇಕು' ಅಂತ ನೀವು ಶಾಲೆಗೆ ಬರೆದು ತಿಳಿಸಿದ್ದರೆ, ಶಾಲೆಗೆ ವಿಷಯ ಗೊತ್ತಿತ್ತು ಅಂತ ಕಾನೂನು ಪರಿಗಣಿಸುತ್ತದೆ. ನಮ್ಮ ಮನೆಗಳಲ್ಲಿ ಇದನ್ನು ಬರೆಯಲು ಸಂಕೋಚ. ಮಗುವಿಗೆ ಹಣೆಪಟ್ಟಿ ಬೀಳುತ್ತದೆ ಅನ್ನುವ ಭಯ. ಆ ಒಂದು ಇಮೇಲ್ ಮುಂದೆ ಮಗುವಿನ ಇಡೀ ವರ್ಷವನ್ನು ಉಳಿಸಬಹುದು. ದಯವಿಟ್ಟು ಬರೆಯಿರಿ.

ಇಷ್ಟೊಂದು ಮಕ್ಕಳು ಹೊರಗೆ ಹೋದದ್ದು ಹೇಗೆ

1994ರಲ್ಲಿ ಒಂದು ಕೇಂದ್ರ ಕಾನೂನು ಬಂತು. ಶಾಲೆಗೆ ಬಂದೂಕು ತಂದ ವಿದ್ಯಾರ್ಥಿಯನ್ನು ಕನಿಷ್ಠ ಒಂದು ವರ್ಷ ತೆಗೆದುಹಾಕಬೇಕು, ಹಾಗೆ ನಿಯಮ ಮಾಡದ ರಾಜ್ಯಕ್ಕೆ ಕೇಂದ್ರದ ಹಣ ಇಲ್ಲ. ಬಂದೂಕಿನ ವಿಷಯದಲ್ಲಿ ಇದಕ್ಕೆ ಯಾರೂ ಅಡ್ಡ ಮಾತಾಡುವುದಿಲ್ಲ. ಆ ಕಾನೂನಲ್ಲೂ ಒಂದೊಂದು ಪ್ರಕರಣವನ್ನು ನೋಡಿ ಶಿಕ್ಷೆ ಬದಲಿಸಲು ಅವಕಾಶ ಇದೆ. ಬದಲಿ ಶಾಲೆಯಲ್ಲಿ ಓದಿಸಲೂ ಅವಕಾಶ ಇದೆ. ಆದರೆ ಅದರ ಹಿಂದಿನ ಮನೋಭಾವ ಬಂದೂಕಿಗೆ ನಿಲ್ಲಲಿಲ್ಲ. ಝೀರೋ ಟಾಲರೆನ್ಸ್ (ಸಣ್ಣ ತಪ್ಪನ್ನೂ ಸಹಿಸುವುದಿಲ್ಲ) ಅನ್ನುವ ಹೆಸರಲ್ಲಿ ಜಗಳ, ಎದುರುತ್ತರ, ಅವಿಧೇಯತೆಗೂ ಹಬ್ಬಿತು. ಅಮೆರಿಕದ ಮನೋವಿಜ್ಞಾನಿಗಳ ಸಂಘ ನೇಮಿಸಿದ ತಂಡವೊಂದು ಇದನ್ನೆಲ್ಲ ಪರಿಶೀಲಿಸಿ, ಇಂಥ ನೀತಿಯಿಂದ ಶಾಲೆಗಳು ಹೆಚ್ಚು ಸುರಕ್ಷಿತವಾದವು ಅನ್ನುವುದಕ್ಕೆ ಆಧಾರ ಸಿಗಲಿಲ್ಲ ಅಂತ 2008ರಲ್ಲಿ ಪ್ರಕಟಿಸಿತು.

2011ರಲ್ಲಿ ಟೆಕ್ಸಸ್‌ನ ಸುಮಾರು ಹತ್ತು ಲಕ್ಷ ಮಕ್ಕಳ ದಾಖಲೆಗಳ ಮೇಲೆ ನಡೆದ ಒಂದು ಅಧ್ಯಯನ ಹೊರಬಂತು. 7ರಿಂದ 12ನೇ ತರಗತಿಯೊಳಗೆ ಹತ್ತರಲ್ಲಿ ಸುಮಾರು ಆರು ಮಕ್ಕಳು ಒಮ್ಮೆಯಾದರೂ ಸಸ್ಪೆಂಡ್ ಆಗಿದ್ದರು ಅಥವಾ ತೆಗೆದುಹಾಕಲ್ಪಟ್ಟಿದ್ದರು. ಅದರಲ್ಲಿ ಕಾನೂನು ಕಡ್ಡಾಯ ಮಾಡಿದ ಶಿಕ್ಷೆಗಳು ಶೇ. 3 ಮಾತ್ರ. ಉಳಿದದ್ದೆಲ್ಲ ಶಾಲೆಯವರು ತಮ್ಮ ವಿವೇಚನೆಯಿಂದ ಕೊಟ್ಟದ್ದು. ಆ ವಿವೇಚನೆ ಎಲ್ಲ ಮಕ್ಕಳ ಮೇಲೂ ಒಂದೇ ಥರ ಬೀಳಲಿಲ್ಲ. ಬೇರೆಲ್ಲ ಅಂಶಗಳನ್ನು ಸಮ ಮಾಡಿ ನೋಡಿದರೂ ಕಪ್ಪು ಮಕ್ಕಳಿಗೆ ಇಂಥ ಶಿಕ್ಷೆ ಬೀಳುವ ಸಾಧ್ಯತೆ ಶೇ. 31 ಜಾಸ್ತಿ ಇತ್ತು.

ಕ್ಯಾಲಿಫೋರ್ನಿಯಾ ಈಗ ಹಿಂದೆ ಹೆಜ್ಜೆ ಇಡುತ್ತಿದೆ. ಬರೀ ಅವಿಧೇಯತೆಗೆ ಸಸ್ಪೆಂಡ್ ಮಾಡುವುದನ್ನು ಮೊದಲು ಚಿಕ್ಕ ಮಕ್ಕಳಿಗೆ, 2024ರ ಜುಲೈನಿಂದ ಹೈಸ್ಕೂಲಿಗೂ ನಿಲ್ಲಿಸಿದೆ. ನನ್ನ ಮಟ್ಟಿಗೆ ಇದು ತುಂಬಾ ತಡವಾಗಿ ಬಂದ ಸರಿಯಾದ ನಿರ್ಧಾರ.

ಬದಲಿ ಶಾಲೆಯ ಒಳಗೆ

ಬದಲಿ ಶಾಲೆ ಅನ್ನುವ ಒಂದೇ ಹೆಸರಿನ ಕೆಳಗೆ ತುಂಬಾ ಬೇರೆ ಬೇರೆ ಜಾಗಗಳಿವೆ. ಮೇರಿ ಆನ್ ರೇವಿಡ್ ಅನ್ನುವ ಶಿಕ್ಷಣ ಸಂಶೋಧಕಿ 1994ರಲ್ಲಿ ಇವನ್ನು ಮೂರು ಬಗೆ ಮಾಡಿದರು. ಮಕ್ಕಳು ತಾವೇ ಇಷ್ಟಪಟ್ಟು ಸೇರುವ, ಹೊಸ ಥರದಲ್ಲಿ ಕಲಿಸುವ ಶಾಲೆಗಳು ಮೊದಲನೆಯದು. ತಪ್ಪು ಮಾಡಿದವರನ್ನು ಕಳಿಸುವ 'ಕೊನೇ ಅವಕಾಶ'ದ ಶಾಲೆಗಳು ಎರಡನೆಯದು. ಓದಲ್ಲೋ ಮನಸ್ಸಲ್ಲೋ ಹಿಂದೆ ಬಿದ್ದವರಿಗೆ ಸಹಾಯ ಮಾಡುವ ಶಾಲೆಗಳು ಮೂರನೆಯದು. ಎರಡನೇ ಬಗೆಯಿಂದ ಹೆಚ್ಚು ಪ್ರಯೋಜನ ಕಾಣುತ್ತಿಲ್ಲ ಅಂತ ಅವರು ಬರೆದರು. ಮೂರನೇ ಬಗೆಯಲ್ಲಿ ಮಕ್ಕಳು ಸುಧಾರಿಸುತ್ತಾರೆ, ಆದರೆ ಹಳೇ ಶಾಲೆಗೆ ವಾಪಸ್ ಹೋದ ಮೇಲೆ ಆ ಸುಧಾರಣೆ ಕರಗಿಹೋಗುತ್ತದೆ ಅಂತಲೂ ಬರೆದರು.

ಶಿಕ್ಷೆಯ ಮೇಲೆ ಬಂದ ಹುಡುಗ ಸೇರುವುದು ಸಾಮಾನ್ಯವಾಗಿ ಈ ಎರಡನೇ ಬಗೆಗೆ. ಬಾಗಿಲಲ್ಲಿ ಮೆಟಲ್ ಡಿಟೆಕ್ಟರ್. ಫೋನ್ ಕೊಟ್ಟು ಒಳಗೆ ಹೋಗಬೇಕು. ಎಷ್ಟೋ ಕಡೆ ಯೂನಿಫಾರಂ ಇದೆ. ಬ್ಯಾಗ್ ತರುವ ಹಾಗಿಲ್ಲ. ಒಳ್ಳೆಯ ನಡತೆಗೆ ಪಾಯಿಂಟು, ಪಾಯಿಂಟು ಸೇರಿದರೆ ಮುಂದಿನ ಹಂತ. ತರಗತಿ ಚಿಕ್ಕದು. ಇದು ನಿಜವಾಗಿ ದೊಡ್ಡ ಅನುಕೂಲ. ಸಾವಿರಾರು ಮಕ್ಕಳ ಹೈಸ್ಕೂಲಲ್ಲಿ ಯಾರ ಕಣ್ಣಿಗೂ ಬೀಳದ ಹುಡುಗನನ್ನು ಇಲ್ಲಿ ಟೀಚರ್ ಹೆಸರು ಹಿಡಿದು ಕರೆಯುತ್ತಾರೆ. ಅಂಥ ಒಬ್ಬ ಟೀಚರ್‌ನಿಂದ ದಾರಿಗೆ ಬಂದ ಮಕ್ಕಳಿದ್ದಾರೆ.

ತೊಂದರೆ ಇರುವುದು ಪಾಠದಲ್ಲಿ. ಒಬ್ಬರೇ ಟೀಚರ್ ಮೂರು ನಾಲ್ಕು ವಿಷಯ ನೋಡಿಕೊಳ್ಳಬೇಕಾಗುತ್ತದೆ. ಹಾಗಾಗಿ ಮಕ್ಕಳು ವರ್ಕ್‌ಶೀಟಿನ ಕಟ್ಟು ಹಿಡಿದುಕೊಂಡು, ಇಲ್ಲವೇ ಕಂಪ್ಯೂಟರ್ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ. ಕೆಮಿಸ್ಟ್ರಿ ಲ್ಯಾಬ್ ಇಲ್ಲ. ಬ್ಯಾಂಡ್ ಇಲ್ಲ. ಕಾಲೇಜು ಮಟ್ಟದ ಪಾಠ ಇರುವ ಎಪಿ ತರಗತಿಗಳಂತೂ ಅಪರೂಪ.

ಇದು ಯಾಕೆ ಅಷ್ಟು ಮುಖ್ಯ ಅಂದರೆ ಅಮೆರಿಕದ ಹೈಸ್ಕೂಲ್ ನಡೆಯುವುದು ಕ್ರೆಡಿಟ್ ಲೆಕ್ಕದ ಮೇಲೆ. ವರ್ಷದ ಕೊನೆಗೆ ಒಂದು ಪರೀಕ್ಷೆ ಬರೆದು ಪಾಸಾಗುವ ಕ್ರಮ ಅಲ್ಲಿಲ್ಲ. ಒಂದೊಂದು ವಿಷಯಕ್ಕೂ ಇಷ್ಟು ಕ್ರೆಡಿಟ್ ಅಂತ ಇದೆ. ಇಂತಿಷ್ಟು ಗಣಿತ, ಇಂತಿಷ್ಟು ವಿಜ್ಞಾನ, ಇಂತಿಷ್ಟು ಇಂಗ್ಲಿಷ್ ಸೇರಿದರೆ ಡಿಪ್ಲೊಮಾ, ಅಂದರೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ. ಅಕ್ಟೋಬರ್ ಮಧ್ಯದಲ್ಲಿ ಒಬ್ಬ ಹುಡುಗಿಯನ್ನು ಬದಲಿ ಶಾಲೆಗೆ ಕಳಿಸಿದರು ಅಂದುಕೊಳ್ಳಿ. ಅವಳು ಸ್ಪ್ಯಾನಿಷ್ ಎರಡನೇ ಹಂತ ಓದುತ್ತಿದ್ದಳು. ಬದಲಿ ಶಾಲೆಯಲ್ಲಿ ಸ್ಪ್ಯಾನಿಷ್ ಇಲ್ಲ. ಎರಡು ತಿಂಗಳು ಓದಿದ್ದು ಹಾಗೇ ಹೋಯಿತು. ಜನವರಿಯಲ್ಲಿ ವಾಪಸ್ ಬಂದರೆ ಆ ತರಗತಿ ಅರ್ಧ ಮುಗಿದಿದೆ, ಸೇರಿಸಿಕೊಳ್ಳುವುದಿಲ್ಲ. ಲ್ಯಾಬ್ ಇಲ್ಲದ ಕಾರಣಕ್ಕೆ ಕೆಮಿಸ್ಟ್ರಿಯದ್ದೂ ಇದೇ ಕಥೆ. ಅವಳ ಶಿಕ್ಷೆ ಮೂರು ತಿಂಗಳದ್ದು. ಆದರೆ ನಷ್ಟ ಒಂದು ವರ್ಷದ್ದು. ಒಂದು ವರ್ಷ ಹಿಂದೆ ಬಿದ್ದ ಹದಿನೇಳರ ಹುಡುಗಿಗೆ ಶಾಲೆ ಬಿಡುವುದೇ ಸುಲಭ ಅನ್ನಿಸುತ್ತದೆ. ಯಾರೂ ಅವಳನ್ನು ಓದಿನಿಂದ ತೆಗೆದುಹಾಕಿರಲಿಲ್ಲ. ಆದರೂ ಅವಳು ಹೊರಗಾದಳು.

ಬದಲಿ ಶಾಲೆ ಬಿಟ್ಟರೆ ಬೇರೆ ದಾರಿಗಳೂ ಇವೆ. ರಾಜ್ಯಗಳ ಆನ್‌ಲೈನ್ ಶಾಲೆಗಳಿವೆ, ಮನೆಯಲ್ಲೇ ಓದಿಸುವ ಹೋಂಸ್ಕೂಲಿಂಗ್ ಇದೆ. ಖಾಸಗಿ ಶಾಲೆ ಸೇರಿಸಿಕೊಂಡರೆ ಸರಿ, ಆದರೆ ಅದಕ್ಕೆ ಅಂಥ ಹೊಣೆ ಇಲ್ಲ. ಪಕ್ಕದ ಡಿಸ್ಟ್ರಿಕ್ಟ್ ಕೂಡ ಎಷ್ಟೋ ರಾಜ್ಯಗಳಲ್ಲಿ ಇಲ್ಲ ಅನ್ನಬಹುದು. ಓದು ಬಿಟ್ಟ 16ರಿಂದ 18ರ ವಯಸ್ಸಿನವರಿಗೆ ಅಲ್ಲಿನ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್ ನಡೆಸುವ ಯೂತ್ ಚಾಲೆಂಜ್ ಅನ್ನುವ ಕಾರ್ಯಕ್ರಮ ಇದೆ, 22 ವಾರ ಅಲ್ಲೇ ಉಳಿದು ಕಲಿಯುವಂಥದ್ದು. ಇನ್ನು ಜಿಇಡಿ ಪರೀಕ್ಷೆ. ಶಾಲೆಯವರೇ ಕೆಲವೊಮ್ಮೆ ಅದನ್ನು ಸೂಚಿಸುತ್ತಾರೆ. ಅದು ಡಿಪ್ಲೊಮಾಕ್ಕೆ ಬದಲಿ ಪ್ರಮಾಣಪತ್ರ, ಡಿಪ್ಲೊಮಾ ಅಲ್ಲ. ಬೇರೆ ಎಲ್ಲ ಬಾಗಿಲನ್ನೂ ತಟ್ಟಿದ ಮೇಲೆ ಮಾತ್ರ ಅತ್ತ ನೋಡುವುದು ಒಳ್ಳೆಯದು.

ವಾಪಸ್ ಬರುವ ದಿನ

ಕಳಿಸುವ ದಿನಕ್ಕೆ ಎಲ್ಲ ಕಡೆಯೂ ನಿಯಮ ಇದೆ. ನೋಟಿಸ್, ವಿಚಾರಣೆ, ಆದೇಶ, ಮೇಲ್ಮನವಿ. ವಾಪಸ್ ಬರುವ ದಿನಕ್ಕೆ ಅಷ್ಟು ನಿಯಮ ಇಲ್ಲ. ಎಷ್ಟೋ ಮಕ್ಕಳು ಒಂದು ಸೋಮವಾರ ಬೆಳಿಗ್ಗೆ ಸುಮ್ನೆ ಬಂದು ಆಫೀಸಿನ ಮುಂದೆ ನಿಲ್ಲುತ್ತಾರೆ. ಟೈಂಟೇಬಲ್ ಇರುವುದಿಲ್ಲ. ಟೀಚರ್‌ಗಳಿಗೆ ವಿಷಯ ಗೊತ್ತಿರುವುದಿಲ್ಲ. ಜಗಳ ಆಗಿತ್ತಲ್ಲ, ಆ ಇನ್ನೊಬ್ಬ ಹುಡುಗ ಪಕ್ಕದ ಬೆಂಚಲ್ಲೇ ಕೂತಿರುತ್ತಾನೆ. ರೇವಿಡ್ ಹೇಳಿದ 'ಕರಗುವುದು' ಶುರುವಾಗುವುದು ಇಲ್ಲೇ.

ಚೆನ್ನಾಗಿ ಮಾಡುವ ಕಡೆ ಎರಡು ವಾರ ಮೊದಲೇ ಸಭೆ ಕರೆಯುತ್ತಾರೆ. ಹುಡುಗ, ಮನೆಯವರು, ಎರಡೂ ಶಾಲೆಯ ಕೌನ್ಸೆಲರ್ ಕೂರುತ್ತಾರೆ. ಯಾವ ಕ್ರೆಡಿಟ್ ಸಿಕ್ಕಿದೆ, ಯಾವುದು ಬಾಕಿ ಅಂತ ಒಂದು ಹಾಳೆಯಲ್ಲಿ ಬರೆಯುತ್ತಾರೆ. ಪೆಟ್ಟು ತಿಂದ ಮಗುವಿನ ಮನೆಯವರು ಒಪ್ಪಿದರೆ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಏನಾಯಿತು, ಯಾರಿಗೆ ನೋವಾಯಿತು, ಅದನ್ನು ಸರಿ ಮಾಡಲು ಏನು ಮಾಡುತ್ತೀಯ ಅಂತ. ನಂಬಿಕೆಯ ಒಬ್ಬ ದೊಡ್ಡವರನ್ನು ಗೊತ್ತು ಮಾಡಿ, ಮೊದಲ ತಿಂಗಳು ವಾರಕ್ಕೊಮ್ಮೆ ಅವರ ಹತ್ತಿರ ಹೋಗಿ ಬಾ ಅನ್ನುತ್ತಾರೆ.

ಶಿಕ್ಷೆಯ ಕರೆ ಬಂದ ದಿನ ಮನೆಯಲ್ಲಿ ಅಳು, ಸಿಟ್ಟು, ಅವಮಾನ ಎಲ್ಲ ಇರುತ್ತದೆ. ಆಗ ತಪ್ಪಾಯಿತಾ ಇಲ್ಲವಾ ಅನ್ನುವುದರ ಮೇಲೇ ಎಲ್ಲರ ಗಮನ. ಆ ಸಭೆಯಲ್ಲೇ ಇನ್ನೂ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಆದೇಶವನ್ನು ತಡೆಹಿಡಿದು ಷರತ್ತಿನ ಮೇಲೆ ಓದಿಸಬಹುದಾ? ಇಲ್ಲ ಅಂದರೆ ಯಾವ ದಿನದಿಂದ, ಯಾವ ಜಾಗದಲ್ಲಿ ಓದು? ಈಗ ಓದುತ್ತಿರುವ ಒಂದೊಂದು ವಿಷಯವೂ ಅಲ್ಲಿ ಇದೆಯಾ, ಇಲ್ಲದಿದ್ದರೆ ಆ ಕ್ರೆಡಿಟ್ ಹೇಗೆ? ಬಸ್ ಯಾರು ಕಳಿಸುತ್ತಾರೆ? ಕೊನೆಯದಾಗಿ, ವಾಪಸ್ ಬರುವ ಮೊದಲಿನ ಸಭೆ ಯಾವತ್ತು? ಉತ್ತರಗಳನ್ನು ಬಾಯಿಮಾತಲ್ಲಿ ಬಿಡಬೇಡಿ. ಅದೇ ಸಂಜೆ ಇಮೇಲಲ್ಲಿ ಬರೆದು ಕಳಿಸಿ, ಆ ಸಭೆಯ ತಾರೀಕು ಅದರಲ್ಲಿ ಇರಲಿ.